ತೇರಿಗೆ ಹೊರಟ ಕಾರು

ಸೀಟು ಏಳು, ಜನ ಹನ್ನೊಂದು. ಟ್ಯಾಂಕಿನಲ್ಲಿ ಬಾಯಿತನಕ ಎಣ್ಣೆ. ಬಾಗಿಲಿಗೆ ಬೀಗ ಬಿದ್ದ ಮೇಲೆ ಒಳಗೆ ಯಾರಾದರೂ ಉಳಿದರೇ ಎಂದು ಇಣುಕುವವರಿಲ್ಲ. ಜಾತ್ರೆ ಹಂಗಾಮಿನಲ್ಲಿ ಎಲ್ಲರೂ ರಸ್ತೆಗೆ ಹೆದರುತ್ತಾರೆ. ಅರ್ಧ ಅಪಾಯ ಹುಟ್ಟುವುದು ಕಾರು ನಿಂತಿದ್ದಾಗಲೇ!

ಕೊಟ್ಟೂರಿನ ತೇರಿಗೆ ಒಂದೇ ದಿನ ಬಾಕಿ. ಕೂಡ್ಲಿಗಿಯ ಮನೆಯಂಗಳವೊಂದರಲ್ಲಿ ಬೆಳಕು ಹರಿಯುವ ಮೊದಲೇ ಕಾರಿನ ನಾಲ್ಕೂ ಬಾಗಿಲು ತೆರೆದಿವೆ. ಬಾನೆಟ್ಟಿಗೆ ಕುಂಕುಮ, ಗಾಲಿಯಡಿ ನಿಂಬೆಹಣ್ಣು. ರೊಟ್ಟಿ ಬುತ್ತಿ, ಶೇಂಗಾ ಚಟ್ನಿ ಡಬ್ಬಿ, ನೀರಿನ ಕ್ಯಾನು, ಕಾಯಿ-ಕರ್ಪೂರದ ಚೀಲ ಒಂದೊಂದಾಗಿ ಡಿಕ್ಕಿ ಸೇರುತ್ತಿವೆ. ಅವುಗಳ ಮೇಲೆ ಇಬ್ಬರು ಹುಡುಗರು.

“ಯವ್ವಾ, ನೀ ಮುಂದ ಕುಂದ್ರು. ಮೊಣಕಾಲು ಚಾಚಾಕ ಬರ್ತೈತಿ.”

“ಮತ್ತ ಕೂಸು?”

“ನಿನ್ನ ತೊಡಿ ಮ್ಯಾಲೆ ಇರ್ಲಿ ತಗಾ. ಎಷ್ಟ್ ದೂರ ಐತಿ ಕೊಟ್ಟೂರು!”

ದೂರ ಹೆಚ್ಚಿಲ್ಲ ಎಂಬುದು ನಿಜ. ಅದಕ್ಕೇ ಬೆಲ್ಟ್ ಹಾಕುವವರಿಲ್ಲ, ಮಕ್ಕಳನ್ನು ಎಣಿಸುವವರಿಲ್ಲ, ಕುತ್ತಿಗೆಯ ಹಿಂದಿನ ದಿಂಬನ್ನು ಎತ್ತಿ ಸರಿಮಾಡುವವರಂತೂ ಇಲ್ಲವೇ ಇಲ್ಲ. ಬೆಂಗಳೂರಿಗೆ ಹೊರಟಾಗ ಇರುವ ಎಚ್ಚರ ಪಕ್ಕದ ತಾಲ್ಲೂಕಿಗೆ ಹೊರಟಾಗ ಇರುವುದಿಲ್ಲ.

ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯ ಉಳಿದ ಐದು ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಜಾತ್ರೆಗಳಿಂದಲೇ ಒಂದಕ್ಕೊಂದು ಹೆಣೆದುಕೊಂಡಿವೆ. ಭರತ ಹುಣ್ಣಿಮೆಗೆ ಮೈಲಾರ, ಅದರ ಬೆನ್ನಿಗೇ ಕೊಟ್ಟೂರೇಶ್ವರನ ತೇರು, ಶಿವರಾತ್ರಿಯ ಆಸುಪಾಸಿನಲ್ಲಿ ಕುರುವತ್ತಿ, ಯುಗಾದಿಗೆ ಉಚ್ಚಂಗಿದುರ್ಗ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಉಜ್ಜಿನಿ. ಮೈಲಾರದ ಡೆಂಕಣ ಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವುದನ್ನು ಕೇಳಲು ಚಕ್ಕಡಿ ಕಟ್ಟಿಕೊಂಡು ಬರುವವರು ಇಂದಿಗೂ ಇದ್ದಾರೆ. ಆದರೆ ಚಕ್ಕಡಿಯ ಪಕ್ಕದಲ್ಲೇ ಈಗ ಕೆಎ-35 ಫಲಕದ ಕಾರುಗಳ ಸಾಲೂ ಇದೆ. ನಡುನಡುವೆ ಹರಪನಹಳ್ಳಿ ಕಡೆಯ ಹಳೆಯ ಕೆಎ-17 ಫಲಕಗಳು ಕಣ್ಣಿಗೆ ಬೀಳುತ್ತವೆ. 1997ರಿಂದ 2018ರವರೆಗೆ ಆ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿತ್ತು. ಅದು ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರೂ ಫಲಕ ಬದಲಾಗಲಿಲ್ಲ.

ಈ ಕಾರುಗಳಲ್ಲಿ ಬಹಳಷ್ಟು ಎರಡನೇ ಕೈಯವು. ಕೊಳ್ಳುವಾಗ ಟೈರು ಒದ್ದು ನೋಡುತ್ತೇವೆ, ಎಂಜಿನ್ ಸದ್ದು ಕೇಳುತ್ತೇವೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇರಬೇಕಾದ ಕೈಪಿಡಿ ಎಲ್ಲಿ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಇದ್ದರೂ ಅದು ಇಂಗ್ಲಿಷಿನಲ್ಲಿ ಇರುತ್ತದೆ, ಪ್ಲಾಸ್ಟಿಕ್ ಕವರ್ ಹರಿಯದೆ ಇರುತ್ತದೆ. ದುಡ್ಡು ಕೊಟ್ಟು ತಂದ ರಕ್ಷಣೆಯ ಸೌಕರ್ಯಗಳು ಹೀಗೆ ಗೊತ್ತಿಲ್ಲದೆಯೇ ವ್ಯರ್ಥವಾಗುತ್ತವೆ. ಕೆಲವನ್ನು ನಾವೇ ಕೈಯಾರೆ ಕೆಡಿಸಿಕೊಳ್ಳುತ್ತೇವೆ.

ತೊಡೆಯ ಮೇಲಿನ ಕೂಸು

ಅಜ್ಜಿಯ ತೊಡೆಯಿಂದಲೇ ಶುರು ಮಾಡೋಣ. ಕೂಸಿನ ತೂಕ 10 ಕಿಲೋ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗಿ ಎದುರಿನ ಟ್ರಾಲಿಗೆ ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. ಆ ಗಳಿಗೆಯಲ್ಲಿ ಕೂಸು ಕೈಜಾರದಂತೆ ಹಿಡಿಯಲು ಸುಮಾರು 140 ಕಿಲೋ ಭಾರವನ್ನು ತಡೆಯುವ ಬಲ ಬೇಕು. ಮೆಕ್ಕೆಜೋಳ ತುಂಬಿದ ಐವತ್ತು ಕಿಲೋದ ಮೂರು ಚೀಲಗಳು ಒಮ್ಮೆಗೇ ಮೇಲೆ ಬಿದ್ದಂತೆ. ಅಜ್ಜಿಯ ಪ್ರೀತಿ ದೊಡ್ಡದು, ಆದರೆ ತೋಳಿಗೆ ಅಷ್ಟು ಶಕ್ತಿ ಇಲ್ಲ. ಕುಸ್ತಿ ಪೈಲ್ವಾನನ ತೋಳಿಗೂ ಇಲ್ಲ.

ಮುಂದಿನ ಸೀಟಿನಲ್ಲಿ ಇನ್ನೊಂದು ತೊಂದರೆಯಿದೆ: ಏರ್‌ಬ್ಯಾಗ್. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. 2022ರ ಆರಂಭದಿಂದ ಪಕ್ಕದ ಸೀಟಿಗೂ ಬಂತು. ಗುದ್ದಿದ ಕೂಡಲೇ ಸೆಕೆಂಡಿನ ನೂರನೇ ಕೆಲವು ಭಾಗಗಳಲ್ಲಿ, ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಅದು ಉಬ್ಬಿ ನಿಲ್ಲುತ್ತದೆ. ಬೆಲ್ಟ್ ಹಾಕಿ ನೆಟ್ಟಗೆ ಕೂತ ದೊಡ್ಡವರಿಗೆ ಅದು ಮೆತ್ತೆ. ತೊಡೆಯ ಮೇಲಿನ ಕೂಸಿಗೆ ಅದೇ ಗುದ್ದು. ಹಿಮ್ಮುಖವಾಗಿ ಕೂರಿಸುವ ಶಿಶುಗಳ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು. ಮುಂದಿನ ಬಿಸಿಲುಮರೆಯ (ಸನ್ ವೈಸರ್) ಮೇಲೆ ಅಂಟಿಸಿರುವ ಮಗುವಿನ ಚಿತ್ರದ ಎಚ್ಚರಿಕೆ ಚೀಟಿ ಹೇಳುವುದು ಇದನ್ನೇ. ನಮ್ಮಲ್ಲಿ ಹಲವರು ಕಾರು ಮನೆಗೆ ಬಂದ ದಿನವೇ ಅದನ್ನು ಕಿತ್ತು ಎಸೆದಿರುತ್ತಾರೆ. ಹದಿಮೂರು ದಾಟದ ಮಕ್ಕಳಿಗೆ ಹಿಂದಿನ ಸೀಟೇ ಮೇಲು.

ಇನ್ನು ಡ್ಯಾಶ್‌ಬೋರ್ಡಿನ ದೇವರು. ಎಡಗಡೆ ಏರ್‌ಬ್ಯಾಗ್ ಎಂದು ಬರೆದ ಮುಚ್ಚಳದ ಮೇಲೆಯೇ ಕೊಟ್ಟೂರೇಶ್ವರನನ್ನೋ ಮೈಲಾರಲಿಂಗನನ್ನೋ ಗಟ್ಟಿ ಗೋಂದು ಹಚ್ಚಿ ಕೂರಿಸುತ್ತೇವೆ. ಚೀಲ ಉಬ್ಬಿದರೆ ಮೂರ್ತಿ ನೇರ ಎದುರು ಕೂತವರ ಮುಖಕ್ಕೆ ಚಿಮ್ಮುತ್ತದೆ. ದೇವರನ್ನು ಸ್ವಲ್ಪ ಪಕ್ಕಕ್ಕೆ, ನಡುವಿನ ಜಾಗಕ್ಕೆ ಕೂರಿಸಿದರೆ ಭಕ್ತಿಗೇನೂ ಕೊರತೆಯಾಗದು. ಹಡಗಲಿ ಮಲ್ಲಿಗೆಯ ದಂಡೆಯನ್ನು ಹಿನ್ನೋಟದ ಕನ್ನಡಿಗೆ ಇಳಿಬಿಡುವವರಿಗೂ ಇದೇ ಮಾತು. ಕಣ್ಣೆದುರು ತೂಗುವ ಹೂವು ರಾತ್ರಿ ಹೊತ್ತು ಒಬ್ಬ ಪಾದಯಾತ್ರಿಯನ್ನು ಮರೆಮಾಡಲು ಸಾಕು.

ಡಿಕ್ಕಿಯಲ್ಲಿ ಕೂತ ಹುಡುಗರ ಸಂಗತಿ ಇನ್ನೂ ಕೆಟ್ಟದ್ದು. ಹಿಂದಿನಿಂದ ಗುದ್ದಿದರೆ ನಜ್ಜುಗುಜ್ಜಾಗಿ ಪೆಟ್ಟನ್ನು ಹೀರಲೆಂದೇ ಕಾರಿನ ಆ ಭಾಗವನ್ನು ರೂಪಿಸಿರುತ್ತಾರೆ. ಅಲ್ಲಿ ಇರಬೇಕಾದದ್ದು ಬುತ್ತಿ ಮಾತ್ರ.

[ ಬೆಲ್ಟಿನ ಲೆಕ್ಕ ]
ಸೊಂಟ ಮತ್ತು ಎದೆ ಎರಡನ್ನೂ ಬಿಗಿಯುವ ಇಂದಿನ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಕಂಪನಿ ಅದರ ಹಕ್ಕನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು.
ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕವಿದು.
ಮೋಟಾರು ವಾಹನ ಕಾಯ್ದೆಯ ಕಲಂ 194ಬಿ ಪ್ರಕಾರ ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ದಂಡ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಚಾಲಕನಿಗೆ ಅಷ್ಟೇ ದಂಡ.

ಚಾಲಕರ ಸಂಖ್ಯೆಗೂ ಪ್ರಯಾಣಿಕರ ಸಂಖ್ಯೆಗೂ ಹೆಚ್ಚು ಅಂತರವಿಲ್ಲ ಎಂಬುದನ್ನು ಗಮನಿಸಿ. ಹಿಂದೆ ಕೂತವರಿಗೆ ಬೆಲ್ಟ್ ಏಕೆ ಎಂಬ ಪ್ರಶ್ನೆ ದೇಶದಲ್ಲಿ ದೊಡ್ಡದಾಗಿ ಎದ್ದದ್ದು 2022ರ ಸೆಪ್ಟೆಂಬರ್ 4ರಂದು. ಅಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ದುಬಾರಿ ಕಾರು, ಸುತ್ತಲೂ ಏರ್‌ಬ್ಯಾಗು. ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. ಹಿಂದೆ ಸಡಿಲವಾಗಿ ಕೂತವರು ಮುಂದಿನ ಸೀಟಿಗೆ ಅಪ್ಪಳಿಸಿದರೆ ಬೆಲ್ಟ್ ಹಾಕಿಕೊಂಡ ಮುಂದಿನವರೂ ಉಳಿಯುವುದು ಕಷ್ಟ.

ಆದರೆ ನಮ್ಮ ಕಾರುಗಳ ಹಿಂದಿನ ಸೀಟಿನಲ್ಲಿ ಬೆಲ್ಟಿನ ಕೊಂಡಿ ಎಲ್ಲಿದೆ? ಹೊಸ ಸೀಟ್ ಕವರ್ ಹೊಲಿಸಿದ ದಿನವೇ ಅದು ಕವರಿನಡಿ ಸೇರಿ ಹೋಯಿತು. ಕವರ್ ಅಂಗಡಿಯವರಿಗೆ “ಕೊಂಡಿ ಹೊರಗ ಬರೋಹಂಗ ಮಾಡ್ರಿ” ಎಂದು ಒಂದು ಮಾತು ಹೇಳಬೇಕು. ಸೀಟಿನ ಬದಿಯಲ್ಲೇ ಏರ್‌ಬ್ಯಾಗ್ ಇರುವ ಕಾರಾದರೆ ಅಲ್ಲೊಂದು ಸಣ್ಣ ಪಟ್ಟಿ ಹೊಲಿದಿರುತ್ತದೆ. ಆ ಜಾಗವನ್ನು ದಪ್ಪ ರೆಗ್ಜಿನ್ನಿನಿಂದ ಮುಚ್ಚಿದರೆ ಚೀಲ ಹೊರಬರುವ ದಾರಿಯೇ ಬಂದ್.

ಬೆಲ್ಟ್ ಹಾಕದಿದ್ದರೆ ಕಿರುಗುಟ್ಟುವ ಸದ್ದನ್ನು ಸುಮ್ಮನಾಗಿಸಲು ಕೊಂಡಿಗೆ ಸಿಕ್ಕಿಸುವ ಖಾಲಿ ಕ್ಲಿಪ್ಪುಗಳೂ ಮಾರಾಟಕ್ಕಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟು, ಅಂಥ ಕ್ಲಿಪ್ಪುಗಳ 13,118 ಮಾರಾಟ ನಮೂದುಗಳನ್ನು ತೆಗೆಸಿಹಾಕಿತು. ಹಣ ಕೊಟ್ಟು ಅಲಾರಂ ತಂದು, ಮತ್ತೆ ಹಣ ಕೊಟ್ಟು ಅದರ ಬಾಯಿ ಕಟ್ಟುವ ಜಾಣತನಕ್ಕೆ ಏನೆನ್ನಬೇಕೋ!

ಬೆಲ್ಟ್ ಹಾಕುವವರೂ ಅದನ್ನು ಹೊಟ್ಟೆಯ ಮೇಲೆ ಹಾಯಿಸುವುದುಂಟು. ಕೆಳಗಿನ ಪಟ್ಟಿ ಸೊಂಟದ ಮೂಳೆಗೆ ತಾಗಿ ಬರಬೇಕು, ಮೇಲಿನದು ಕೊರಳನ್ನು ಉಜ್ಜದೆ ಹೆಗಲ ನಡುವೆ ಹಾಯಬೇಕು. ಬಸುರಿ ಹೆಂಗಸರಿಗೂ ಬೆಲ್ಟ್ ಬೇಕು. ಆದರೆ ಕೆಳಪಟ್ಟಿ ಹೊಟ್ಟೆಯ ಕೆಳಗೆ ಇರಬೇಕು, ಮೇಲಲ್ಲ. ಸೆರಗಿನ ಮಡಿಕೆಗಳನ್ನು ಸರಿಸಿ ಬೆಲ್ಟ್ ಮೈಗಂಟಿಸಿಕೊಳ್ಳುವುದಕ್ಕೆ ಅರೆಗಳಿಗೆ ಸಾಕು.

ತಲೆಯ ಹಿಂದಿನ ದಿಂಬು ಒರಗಿ ಮಲಗುವುದಕ್ಕೆಂದು ಇಟ್ಟದ್ದಲ್ಲ. ಹಿಂದಿನಿಂದ ಯಾರಾದರೂ ಗುದ್ದಿದಾಗ ಕುತ್ತಿಗೆ ಹಿಂದಕ್ಕೆ ಮುರಿಯದಂತೆ ತಡೆಯುವುದೇ ಅದರ ಕೆಲಸ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು. ಅದನ್ನು ಪೂರ್ತಿ ಕೆಳಗಿಳಿಸಿ ಕೂತರೆ ಕುತ್ತಿಗೆಗೆ ಅದೇ ಮೀಟುಗೋಲಾಗುತ್ತದೆ.

ಇನ್ನು ಮೈಲಾರದಿಂದ ರಾತ್ರಿ ಮರಳುವಾಗ ಮುಂದಿನ ಸೀಟನ್ನು ಹಾಸಿಗೆಯಂತೆ ಹಿಂದಕ್ಕೆ ಬಾಗಿಸಿ ನಿದ್ದೆ ಹೋಗುವ ಚಟ. ಹಾಗೆ ಮಲಗಿದವರ ಮೈಯಿಂದ ಬೆಲ್ಟ್ ದೂರ ನಿಲ್ಲುತ್ತದೆ. ಗುದ್ದಿದರೆ ದೇಹ ಕೆಳಪಟ್ಟಿಯಡಿ ಜಾರಿ, ಪಟ್ಟಿ ಹೊಟ್ಟೆಯನ್ನೇ ಕೊಯ್ಯುತ್ತದೆ. ನಿದ್ದೆ ಬಂದರೆ ಹಿಂದೆ ನೆಟ್ಟಗೆ ಕೂತು ತೂಕಡಿಸುವುದೇ ಲೇಸು. ನಿದ್ದೆ ಬಂದದ್ದು ಓಡಿಸುವವರಿಗಾದರೆ, ಗಾಡಿ ನಿಲ್ಲಿಸಿ ಮಲಗುವುದನ್ನು ಬಿಟ್ಟು ಬೇರೆ ಮದ್ದಿಲ್ಲ.

ಓಡಿಸುವವರ ಸೀಟಿಗೆ ಎರಡೇ ಮಾತು. ಎದೆಗೂ ಸ್ಟೇರಿಂಗಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು, ಅಂದರೆ 25 ಸೆಂ.ಮೀ.ನಷ್ಟು ಅಂತರ ಇರಲಿ. ಸೀಟನ್ನು ಸರಿಸಿದ ಮೇಲೆ ಟಕ್ಕೆಂದು ಕಚ್ಚಿಕೊಂಡ ಸದ್ದು ಕೇಳಿಸಲಿ. ಇದೆಲ್ಲ ಅಂಗಳದಲ್ಲೇ ಮುಗಿಯಬೇಕು, ಓಡುವಾಗ ಅಲ್ಲ. ಮತ್ತೆ, ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿಸುವವರ ಚಪ್ಪಲಿ, ಸೀಟಿನಡಿಯ ನೀರಿನ ಬಾಟಲಿ ಉರುಳಿ ಬ್ರೇಕಿನ ಕೆಳಗೆ ಸೇರಿದರೆ ಬ್ರೇಕ್ ಇದ್ದೂ ಇಲ್ಲದಂತೆ.

ಬಂಕಿನಲ್ಲಿ ಎರಡು ನಿಮಿಷ

“ಎಷ್ಟು ಹಾಕ್ಲಿ ಅಣ್ಣಾ?”

“ಎರಡು ಸಾವಿರದ್ದು.”

ಮಾತು ಮುಗಿಯಿತು. ಪೆಟ್ರೋಲೋ ಡೀಸೆಲೋ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಒಂದೇ ಹೆಸರಿನ ಕಾರು ಎರಡೂ ಬಗೆಯಲ್ಲಿ ಬರುತ್ತದೆ. ಜಾತ್ರೆ ದಿನ ಬಂಕಿನ ಹುಡುಗನ ಮುಂದೆ ಸಾಲು ಊರಾಚೆಗೆ ಬೆಳೆದಿರುತ್ತದೆ. ಪೆಟ್ರೋಲಿನ ನಾಜಲ್ ತೆಳ್ಳಗಿನದು, ಡೀಸೆಲ್ ಟ್ಯಾಂಕಿನ ಬಾಯಿಗೆ ಸಲೀಸಾಗಿ ಇಳಿಯುತ್ತದೆ. ತಪ್ಪು ಆಗುವುದು ಅಲ್ಲೇ.

ಡೀಸೆಲ್ ತಾನೇ ಒಂದು ಬಗೆಯ ಎಣ್ಣೆ. ತುಂಬಾ ಒತ್ತಡದಲ್ಲಿ ತಿರುಗುವ ಪಂಪಿನ ಭಾಗಗಳಿಗೆ ಜಾರುವ ಗುಣವನ್ನು ಅದೇ ಕೊಡುತ್ತದೆ. ಪೆಟ್ರೋಲ್ ಬೆರೆತರೆ ಆ ಗುಣ ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ಸವೆದ ಪುಡಿ ಪಂಪಿನಿಂದ ಇಂಜೆಕ್ಟರ್‌ವರೆಗೆ ಹೋಗಿ ಕೂರುತ್ತದೆ. “ಸ್ವಲ್ಪ ಬಿದ್ದೈತಿ, ಮ್ಯಾಲೆ ಡೀಸೆಲ್ ತುಂಬಿಸ್ರಿ, ಸರಿಹೋಗ್ತೈತಿ” ಎಂಬ ಸಲಹೆ ಹಳೆಯ ಕಾಲದ ಎಂಜಿನ್ನುಗಳಿಗಾದರೂ ಸರಿ, ಈಗಿನವಕ್ಕೆ ಅಲ್ಲ. ತಪ್ಪು ಗೊತ್ತಾದರೆ ಕೀ ತಿರುಗಿಸಲೇಬಾರದು. ಕೀ ಆನ್ ಆದರೆ ಸಾಕು, ಎಂಜಿನ್ ಶುರುವಾಗುವ ಮೊದಲೇ ಟ್ಯಾಂಕಿನ ಪಂಪು ಎಣ್ಣೆಯನ್ನು ಮುಂದಕ್ಕೆ ನೂಕುತ್ತದೆ. ನ್ಯೂಟ್ರಲ್‌ನಲ್ಲಿ ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ, ಟ್ಯಾಂಕ್ ಖಾಲಿ ಮಾಡಿಸಬೇಕು.

[ ಗಾಜಿನ ಮೇಲಿನ ಬಣ್ಣ, ಮುಳ್ಳಿನ ಪಕ್ಕದ ಬಾಣ ]
ಎಚ್‌ಎಸ್‌ಆರ್‌ಪಿ ನಂಬರ್ ಫಲಕದ ಜೊತೆ ಮುಂದಿನ ಗಾಜಿಗೆ ಅಂಟಿಸಲು ಒಂದು ಚೀಟಿ ಬರುತ್ತದೆ. ತಿಳಿನೀಲಿ ಎಂದರೆ ಪೆಟ್ರೋಲ್ ಅಥವಾ ಸಿಎನ್‌ಜಿ, ಕಿತ್ತಳೆ ಎಂದರೆ ಡೀಸೆಲ್, ಬೂದು ಎಂದರೆ ಉಳಿದವು. ಅದು ಕಳ್ಳರ ಕಾಟ ತಪ್ಪಿಸಲು ಮಾತ್ರವಲ್ಲ, ಬಂಕಿನ ಹುಡುಗನಿಗೂ ಸುಳಿವು.
ಇಂಧನದ ಮುಳ್ಳಿನ ಪಕ್ಕದಲ್ಲಿರುವ ಪಂಪಿನ ಚಿತ್ರಕ್ಕೆ ಅಂಟಿಕೊಂಡು ಪುಟ್ಟ ಬಾಣವಿದೆಯೇ ನೋಡಿ. ಟ್ಯಾಂಕಿನ ಬಾಯಿ ಯಾವ ಬದಿಗಿದೆ ಎಂದು ಅದು ತೋರಿಸುತ್ತದೆ. ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ 1986ರಲ್ಲಿ ಕೊಟ್ಟ ಸಲಹೆ ಇದು.

ಎಣ್ಣೆ ತುಂಬುವಾಗ ಎಂಜಿನ್ ಬಂದ್, ಬೀಡಿ ಬಂದ್, ಫೋನು ಜೇಬಿನಲ್ಲಿ. ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನಾಜಲ್ಲಿನ ‘ಟಕ್’. ನಾಜಲ್ಲಿನ ತುದಿಯಲ್ಲಿ ಸಣ್ಣ ರಂಧ್ರವಿದೆ. ಎಣ್ಣೆ ಆ ಮಟ್ಟಕ್ಕೆ ಬಂದು ಗಾಳಿ ನಿಂತ ಕೂಡಲೇ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಟ್ಯಾಂಕು ತುಂಬಿತು. ಆದರೆ ನಮಗೆ ಸಮಾಧಾನವಿಲ್ಲ. “ರೌಂಡ್ ಫಿಗರ್ ಮಾಡ್ರಿ” ಎನ್ನುತ್ತೇವೆ. ಹುಡುಗ ಮತ್ತೆ ಮತ್ತೆ ಒತ್ತುತ್ತಾನೆ, ಕಾರನ್ನು ಅಲುಗಾಡಿಸುವವರೂ ಉಂಟು. ಹೀಗೆ ತುರುಕಿದ ಪೆಟ್ರೋಲ್, ಆವಿಯನ್ನು ಹಿಡಿದಿಡಲು ಕಾರಿನಲ್ಲಿರುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಹಾಳುಮಾಡಬಲ್ಲದು. ಮೂವತ್ತು ರೂಪಾಯಿ ಸರಿಹೊಂದಿಸಲು ಸಾವಿರಾರು ರೂಪಾಯಿಯ ಭಾಗ ಬಲಿ.

ಇದಕ್ಕೆ ಸರೀ ಎದುರಾದ ಭಯ ಪ್ರತಿ ಬೇಸಿಗೆಯೂ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತದೆ: ಬಿಸಿಲಲ್ಲಿ ಟ್ಯಾಂಕ್ ತುಂಬಿಸಿದರೆ ಸ್ಫೋಟವಾಗುತ್ತದಂತೆ, ಅರ್ಧ ಮಾತ್ರ ತುಂಬಿಸಬೇಕಂತೆ. ಇಂಡಿಯನ್ ಆಯಿಲ್ ಹೆಸರಿನಲ್ಲೇ ಈ ಸಂದೇಶ ಸುತ್ತಿದಾಗ, ಕಾರು ತಯಾರಕರು ಹೇಳಿದ ಮಿತಿಯವರೆಗೆ ಯಾವ ಕಾಲದಲ್ಲಾದರೂ ತುಂಬಿಸಬಹುದು ಎಂದು ಆ ಕಂಪನಿಯೇ ಸ್ಪಷ್ಟಪಡಿಸಿತು. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ನಿಜ. 40 ಲೀಟರ್ ಪೆಟ್ರೋಲ್ 20 ಡಿಗ್ರಿ ಹೆಚ್ಚು ಕಾದರೆ ಮುಕ್ಕಾಲು ಲೀಟರಿನಷ್ಟು ಹಿಗ್ಗೀತು. ಅದಕ್ಕೆಂದೇ ಟ್ಯಾಂಕಿನಲ್ಲಿ ಜಾಗ ಬಿಟ್ಟಿರುತ್ತಾರೆ. ‘ಟಕ್’ ಆದ ಮೇಲೆ ನಾವು ತುರುಕುವುದು ಆ ಜಾಗಕ್ಕೇ!

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಕಬ್ಬಿನಿಂದಷ್ಟೇ ಅಲ್ಲ, ಈ ಸೀಮೆಯಲ್ಲಿ ಹೊಲಹೊಲಕ್ಕೂ ಬೆಳೆಯುವ ಮೆಕ್ಕೆಜೋಳದಂಥ ಧಾನ್ಯದಿಂದಲೂ ಅದನ್ನು ತಯಾರಿಸುತ್ತಾರೆ. ಎಥನಾಲಿಗೆ ನೀರನ್ನು ಎಳೆದುಕೊಳ್ಳುವ ಗುಣ. ಟ್ಯಾಂಕಿನ ಮುಚ್ಚಳದ ರಬ್ಬರ್ ಸೀಳಿದ್ದರೆ, ತಿಂಗಳುಗಟ್ಟಲೆ ಗಾಡಿ ನಿಂತೇ ಇದ್ದರೆ ತೊಂದರೆ. ಮುಚ್ಚಳವನ್ನು ಟಕಟಕ ಸದ್ದು ಬರುವವರೆಗೆ ತಿರುಗಿಸಿ. ಹಳೆಯ ಕಾರಾದರೆ ಇಂಧನದ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್ಕಿಗೆ ಒಮ್ಮೆ ತೋರಿಸಿ.

ಈಚಿನ ಕೆಲವು ಡೀಸೆಲ್ ಗಾಡಿಗಳಲ್ಲಿ ನೀಲಿ ಮುಚ್ಚಳದ ಇನ್ನೊಂದು ಬಾಯಿ ಇರುತ್ತದೆ. ಅದು ಹೊಗೆ ಶುದ್ಧ ಮಾಡುವ ಡಿಇಎಫ್ ದ್ರವಕ್ಕೆ, ಡೀಸೆಲಿಗಲ್ಲ. ಆ ದ್ರವದಲ್ಲಿ ಶೇ 32.5ರಷ್ಟು ಯೂರಿಯಾ ಇದೆ. ಹಾಗೆಂದು ಗೊಬ್ಬರದಂಗಡಿಯ ಯೂರಿಯಾ ಕರಗಿಸಿ ಸುರಿಯುವ ಸಾಹಸ ಬೇಡ. ಅದಕ್ಕೆ ಬೇಕಾದ ಶುದ್ಧತೆಯೇ ಬೇರೆ.

ಅಳತೆಯ ಬಗ್ಗೆ ಅನುಮಾನವಿದ್ದರೆ ಜಗಳ ಬೇಕಿಲ್ಲ. ಬಂಕಿನಲ್ಲಿ ಮುದ್ರೆ ಒತ್ತಿದ 5 ಲೀಟರ್ ಅಳತೆಪಾತ್ರೆ ಇರುತ್ತದೆ, ಅಳೆದು ತೋರಿಸಿ ಎಂದು ಕೇಳುವುದು ಗಿರಾಕಿಯ ಹಕ್ಕು. ಕಲಬೆರಕೆಯ ಸಂಶಯಕ್ಕೆ ಫಿಲ್ಟರ್ ಕಾಗದವನ್ನೂ ಕೇಳಬಹುದು. ಗಾಳಿ, ಕುಡಿಯುವ ನೀರು, ಶೌಚಾಲಯ ಪುಕ್ಕಟೆ.

ಹಳ್ಳಿಯ ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲಿನ ಕುರಿತು ಮಾತ್ರ ನಾನು ಮೃದುವಾಗಿ ಹೇಳಲಾರೆ. ಪೆಟ್ರೋಲ್ ಎಂಥ ಚಳಿಯಲ್ಲೂ ಹೊತ್ತುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಲೆ ಹಾರದೆ ನೆಲಕ್ಕೆ ಹರಿದು ಮೂಲೆಯಲ್ಲಿ ಕೂರುತ್ತದೆ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿ, ಮಕ್ಕಳು ಕೂತ ಡಿಕ್ಕಿಯಲ್ಲಿಟ್ಟು, ಗಾಜು ಏರಿಸಿ ಹೊರಟರೆ ಅದು ಪ್ರಯಾಣವಲ್ಲ.

ಹೊಲದಲ್ಲಿ ನಿಂತ ಕಾರು

ಜಾತ್ರೆಯೂರಿನಲ್ಲಿ ಕಾರು ನಿಲ್ಲಿಸುವುದು ಬಹುಮಟ್ಟಿಗೆ ಕಟಾವು ಮುಗಿದ ಹೊಲದಲ್ಲಿ. ಜೋಳದ ಕೊಯ್ಲೆ, ಒಣಹುಲ್ಲು, ಫೆಬ್ರವರಿಯ ಒಣ ಗಾಳಿ. ಪೆಟ್ರೋಲ್ ಕಾರಿನ ಹೊಟ್ಟೆಯಡಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. 2019ರ ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನೋಡಲು ಬಂದವರು ಬಯಲಿನಲ್ಲಿ ಕಾರು ನಿಲ್ಲಿಸಿ ಹೋಗಿದ್ದರು. ಒಣಹುಲ್ಲಿಗೆ ಬಿದ್ದ ಬೆಂಕಿ ಗಾಳಿಗೆ ಹಬ್ಬಿ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಕೊಯ್ಲೆ ಇರುವ ಕಡೆ ಬಿಟ್ಟು ಬರಿ ಮಣ್ಣಿನ ಮೇಲೆ ನಿಲ್ಲಿಸುವುದು, ಮೂತಿ ರಸ್ತೆಯ ಕಡೆಗೆ ಇರುವಂತೆ ನಿಲ್ಲಿಸುವುದು ಖರ್ಚಿಲ್ಲದ ಜಾಗ್ರತೆ. ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಕೊಟ್ಟವರು ಹೊರಡುವಾಗ ಆ ಕಲ್ಲನ್ನು ದಾರಿಯಿಂದ ಎತ್ತಿಹಾಕಿದರೆ ಹಿಂದೆ ಬರುವ ಬೈಕಿನವರು ಹರಸುತ್ತಾರೆ.

ನಿಂತ ಕಾರಿನ ನಿಜವಾದ ಭಯ ಬೆಂಕಿಯೂ ಅಲ್ಲ, ಕಳ್ಳನೂ ಅಲ್ಲ. 2025ರ ಮೇ 18, ಭಾನುವಾರ. ಆಂಧ್ರದ ವಿಜಯನಗರಂ ಬಳಿಯ ದ್ವಾರಪುಡಿಯಲ್ಲಿ ಆಟವಾಡುತ್ತಿದ್ದ ನಾಲ್ಕು ಮಕ್ಕಳು ನಿಂತಿದ್ದ ಕಾರೊಂದನ್ನು ಹತ್ತಿದರು. ಬಾಗಿಲು ಲಾಕ್ ಆಯಿತು. ಮನೆಯವರು ಊರೆಲ್ಲ ಹುಡುಕಿ ಕಂಡುಕೊಳ್ಳುವಷ್ಟರಲ್ಲಿ ನಾಲ್ವರೂ ತೀರಿಕೊಂಡಿದ್ದರು. ಅದಕ್ಕೂ ಆರು ತಿಂಗಳ ಹಿಂದೆ ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಕೃಷಿ ಕೂಲಿಕಾರರ ನಾಲ್ಕು ಮಕ್ಕಳು ಇದೇ ರೀತಿ ಸತ್ತಿದ್ದರು.

ಇಂಥ ಸುದ್ದಿಗಳಿಗೆ ‘ಉಸಿರುಗಟ್ಟಿ ಸಾವು’ ಎಂಬ ತಲೆಬರಹ ಬೀಳುತ್ತದೆ. ಅದನ್ನು ಓದಿದವರು ಗಾಜನ್ನು ಎರಡು ಬೆರಳು ಇಳಿಸಿದರೆ ಸಾಕು ಎಂದುಕೊಳ್ಳುತ್ತಾರೆ. ಮುಚ್ಚಿದ ಕಾರಿನಲ್ಲಿ ಗಾಳಿ ಮುಗಿಯುವುದಕ್ಕಿಂತ ಎಷ್ಟೋ ಮೊದಲು ಬಿಸಿಯೇ ಕೊಲ್ಲುತ್ತದೆ. 2005ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಬಿಸಿಲಲ್ಲಿ ನಿಂತ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರಲ್ಲಿ ಶೇ 80ರಷ್ಟು ಏರುವುದು ಮೊದಲ ಅರ್ಧ ಗಂಟೆಯಲ್ಲೇ. ಗಾಜು ಕೊಂಚ ಇಳಿಸಿದ್ದರೂ ಫಲವಿರಲಿಲ್ಲ. ಹೊರಗೆ 40 ಡಿಗ್ರಿ ಮುಟ್ಟುವ ನಮ್ಮ ಏಪ್ರಿಲ್‌ನಲ್ಲಿ ಒಳಗಿನ ಲೆಕ್ಕವನ್ನು ನೀವೇ ಹಾಕಿ. ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ.

ಇದಕ್ಕೆ ಕಾರಿನಲ್ಲೇ ಒಂದು ದಾರಿ ಇದೆ. ಬ್ಯಾಟರಿ ಸತ್ತರೂ ಒಳಗಿನಿಂದ ಬಾಗಿಲು ತೆರೆಯುವ ಕೈವ್ಯವಸ್ಥೆ, ಚಾಲಕನ ಏರ್‌ಬ್ಯಾಗ್ ಕಡ್ಡಾಯ ಮಾಡಿದ 2019ರ ನಿಯಮದಲ್ಲೇ ಕಡ್ಡಾಯವಾಯಿತು. ಹಲವು ಕಾರುಗಳಲ್ಲಿ ಮುಂದಿನ ಬಾಗಿಲಿನ ಹಿಡಿಯನ್ನು ಒಮ್ಮೆ ಎಳೆದರೆ ಲಾಕ್ ಬಿಚ್ಚುತ್ತದೆ, ಎರಡನೇ ಸಲ ಎಳೆದರೆ ಬಾಗಿಲು ತೆರೆಯುತ್ತದೆ. ಹಿಂದಿನ ಬಾಗಿಲಿನಲ್ಲಿ ಚೈಲ್ಡ್ ಲಾಕ್ ಇರುತ್ತದೆ. ಬಾಗಿಲ ಅಂಚಿನಲ್ಲಿರುವ ಆ ಪುಟ್ಟ ಗುಂಡಿ ಲಾಕ್ ಕಡೆಗೆ ಸರಿದಿದ್ದರೆ ಒಳಗಿನಿಂದ ಎಷ್ಟು ಎಳೆದರೂ ತೆರೆಯದು, ಹೊರಗಿನಿಂದ ಮಾತ್ರ ತೆರೆಯುತ್ತದೆ. ಓಡುವಾಗ ಅದು ವರ, ನಿಂತಾಗ ಬಲೆ. ಮನೆಯ ಮಕ್ಕಳಿಗೆ ಒಂದು ಸಂಜೆ ಇದನ್ನೆಲ್ಲ ಆಡಿಸಿ ತೋರಿಸಬೇಕು: ಮುಂದಿನ ಸೀಟಿಗೆ ಹಾರು, ಹಿಡಿಯನ್ನು ಎರಡು ಸಲ ಎಳೆ, ಆಗದಿದ್ದರೆ ಹಾರ್ನ್ ಒತ್ತಿಕೊಂಡೇ ಇರು. ಬಹಳಷ್ಟು ಕಾರುಗಳಲ್ಲಿ ಕೀ ಇಲ್ಲದೆಯೂ ಹಾರ್ನ್ ಕೂಗುತ್ತದೆ. ನಿಮ್ಮದರಲ್ಲಿ ಕೂಗುತ್ತದೆಯೇ ಎಂದು ಅಂದೇ ನೋಡಿಕೊಳ್ಳಿ.

ಮಕ್ಕಳು ಕಾಣದಿದ್ದರೆ ಮೊದಲು ಬಾವಿ, ಕೆರೆಯತ್ತ ಓಡುವುದು ನಮ್ಮ ರೂಢಿ. ಓಡುವ ದಾರಿಯಲ್ಲೇ ನಿಂತ ಕಾರುಗಳೊಳಗೆ ಇಣುಕಿ, ಡಿಕ್ಕಿಯನ್ನೂ ತೆರೆದು ನೋಡಬೇಕು.

[ ಒಳಗೆ ಮಗು, ಬಾಗಿಲು ಲಾಕ್ ]
ಬೇರೆ ಕೀ ತರಲು ಕಾಯಬೇಡಿ. ಮಗುವಿನಿಂದ ದೂರದ ಪಕ್ಕದ ಗಾಜನ್ನು ಒಡೆಯಿರಿ. ನಡುವಿಗೆ ಅಲ್ಲ, ಮೂಲೆಗೆ ಕಲ್ಲು ಅಥವಾ ಜಾಕಿನ ರಾಡಿನಿಂದ ಹೊಡೆಯಿರಿ. ಮುಂದಿನ ಗಾಜು ಪದರದ್ದು, ಸುಲಭಕ್ಕೆ ಬಿಡುವುದಿಲ್ಲ.
ಮಗುವನ್ನು ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ. 108ಕ್ಕೋ 112ಕ್ಕೋ ಕರೆ ಮಾಡಿ.

ಕೀ ಯಾರ ಕೈಯಲ್ಲಿದೆ?

ದ್ವಾರಪುಡಿಯಂಥ ಊರುಗಳ ಸುದ್ದಿ ಓದಿದಾಗೆಲ್ಲ ಏಳುವ ಪ್ರಶ್ನೆ, ನಿಂತಿದ್ದ ಕಾರು ಲಾಕ್ ಆಗದೆ ಏಕಿತ್ತು ಎಂಬುದು. ನಮ್ಮೂರುಗಳಲ್ಲಿ ಉತ್ತರ ಸುಲಭ: ಯಾರು ಕದಿಯುತ್ತಾರೆ ಎಂಬ ನಂಬಿಕೆ. ಮನೆ ಮುಂದೆ ನಿಂತ ಕಾರಿಗೂ ಲಾಕ್ ಹಾಕುವುದು ಕಳ್ಳನಿಗಾಗಿ ಅಲ್ಲ, ಮಕ್ಕಳಿಗಾಗಿ.

ಕಳ್ಳನ ವಿಷಯದಲ್ಲಿ ಈಗಿನ ಕಾರು ತಕ್ಕಮಟ್ಟಿಗೆ ಗಟ್ಟಿ. ಕೀಯೊಳಗಿನ ಚಿಪ್ಪನ್ನು ಗುರುತಿಸದೆ ಎಂಜಿನ್ ಶುರುವಾಗದು. ಬಟನ್ ಒತ್ತಿ ಶುರುಮಾಡುವ ಕಾರಿನ ಕೀ ಮಾತ್ರ ಕಾರು ಕರೆದಾಗಲೆಲ್ಲ ತಾನಾಗಿ ಸಂಕೇತ ಬಿಡುವ ಜಾತಿಯದು. ಆ ಸಂಕೇತವನ್ನು ಗೋಡೆಯಾಚೆಯಿಂದ ಹಿಡಿದು ಕಾರಿಗೆ ದಾಟಿಸುವ ಕಳ್ಳತನ ದೊಡ್ಡ ಊರುಗಳಲ್ಲಿ ನಡೆದಿದೆ. ತಲಬಾಗಿಲ ಪಕ್ಕದ ಮೊಳೆಗೆ ಕೀ ತೂಗುಹಾಕುವ ಬದಲು ಮನೆಯ ಒಳಕೋಣೆಯಲ್ಲಿಡಿ. ಹಳೆಯ ಕಾರು ಕೊಂಡರೆ ಎರಡೂ ಕೀ ಕೇಳಿ ಪಡೆಯಿರಿ. ಕಾರು ಕಳುವಾದರೆ ವಿಮೆಯವರು ಮೊದಲು ಕೇಳುವುದು ಆ ಎರಡು ಕೀಗಳನ್ನೇ. ಮೊಬೈಲಿನಿಂದ ಲಾಕ್ ತೆರೆಯುವ ಕಾರಾದರೆ ಹಿಂದಿನ ಮಾಲೀಕರ ಫೋನಿನ ನಂಟನ್ನು ಕಡಿಸಿ.

ಕೀಲಿ ಕಚ್ಚಿಕೊಂಡು ಸ್ಟೇರಿಂಗ್ ತಿರುಗದಿದ್ದರೆ ಗಾಬರಿಯಾಗಬೇಡಿ. ಅದೂ ಕಳ್ಳನಿಗೆಂದು ಇಟ್ಟ ಲಾಕ್. ಸ್ಟೇರಿಂಗನ್ನು ಹಗುರಾಗಿ ಎಡಬಲಕ್ಕೆ ಅಲುಗಿಸುತ್ತ ಕೀ ತಿರುಗಿಸಿದರೆ ಬಿಚ್ಚುತ್ತದೆ. ಇದೇ ಲಾಕ್ ಇಳಿಜಾರಿನಲ್ಲಿ ಯಮನಾಗುವುದೂ ಉಂಟು. ಉಚ್ಚಂಗಿದುರ್ಗದ ಕಡೆಯಿಂದಲೋ ಸಂಡೂರಿನ ಗುಡ್ಡಗಳಿಂದಲೋ ಇಳಿಯುವಾಗ ಎಣ್ಣೆ ಉಳಿಸಲು ಎಂಜಿನ್ ಬಂದ್ ಮಾಡಿ ತೇಲಿಸುವವರಿದ್ದಾರೆ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಕೀ ಹೊರಗೆಳೆದರಂತೂ ಸ್ಟೇರಿಂಗ್ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ಉಳಿತಾಯವಾದರೂ ಆಗುತ್ತದೆಯೇ? ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್ನುಗಳು ಇಳಿಜಾರಿನಲ್ಲಿ ತಾವೇ ಇಂಧನ ನಿಲ್ಲಿಸುತ್ತವೆ.

ಬಟನ್ ಕೀಯ ಬ್ಯಾಟರಿ ಸತ್ತು ಬಾಗಿಲು ತೆರೆಯದಿದ್ದರೆ, ಆ ಕೀಯೊಳಗೇ ಸಣ್ಣ ಲೋಹದ ಕೀ ಅಡಗಿರುತ್ತದೆ. ಪಕ್ಕದ ಕಿರುಗುಂಡಿ ಒತ್ತಿ ಎಳೆದರೆ ಹೊರಬರುತ್ತದೆ. ಒಳಗೆ ಕೂತು ಸತ್ತ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಎಷ್ಟೋ ಕಾರುಗಳು ಶುರುವಾಗುತ್ತವೆ.

ಬದಲಿಸಿದ ಬ್ಯಾಟರಿಯನ್ನು ಮಾತ್ರ ಕಿಟಕಿ ದಂಡೆಯ ಮೇಲೆ ಇಟ್ಟು ಮರೆಯಬೇಡಿ. ನಾಣ್ಯದಂಥ ಆ ಬಿಲ್ಲೆಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು. ವಾಂತಿ ಮಾಡಿಸಲು ಹೋಗಬೇಡಿ, ಮಲದಲ್ಲಿ ಬರಲಿ ಎಂದು ಕಾಯಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಗಳಿಗೆಯೇ ಹೊರಡಿ, ಬ್ಯಾಟರಿಯ ಖಾಲಿ ಪೊಟ್ಟಣ ಸಿಕ್ಕರೆ ಜೊತೆಗೆ ಒಯ್ಯಿರಿ. ಮಗು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡೇ.